ದೊಡ್ಡವ್ವ ಗ್ರೇಡ್ ಮಾಡಿಕೊಟ್ಟ ಇಂಗ್ಲಿಷು

ಮೊನ್ನೆ ಭಾನುವಾರ ಬೆಳಿಗ್ಗೆ ಜಗಲಿಯ ಬಿಸಿಲಿನಲ್ಲಿ ಕೂತು ಅವರೆಕಾಳು ಹಿಸುಕುತ್ತಿದ್ದೆ. ರಾವಂದೂರು ಕಡೆಯ ಹುಡುಗಿಯೊಬ್ಬಳು ಬಂದಳು. ಹುಣಸೂರಿನ ಕಾಲೇಜಿನಲ್ಲಿ ನನ್ನ ಹತ್ತಿರ ಓದಿದವಳು, ಈಗ ಪಿಎಚ್‌ಡಿಗೆ ಸೇರಿದ್ದಾಳೆ. ಒಂದು ಅಧ್ಯಾಯ ಬರೆದಾಗಿದೆಯಂತೆ. ಗೈಡಿಗೆ ಕೊಡುವ ಮೊದಲು ನಾನೊಮ್ಮೆ ಓದಿ ಅವಳ ಇಂಗ್ಲಿಷು ಸರಿಯಿದೆಯಾ ನೋಡಬೇಕಂತೆ. ನಾನು ಸೆರಗಿಗೆ ಕೈ ಒರೆಸಿಕೊಂಡು ಅವಳು ಕೊಟ್ಟ ಪ್ಲಾಸ್ಟಿಕ್ ಕವರು ಬಿಚ್ಚಿದೆ.

ಬಿಚ್ಚಿದ್ದೇ ತಡ, ಆ ವಾಸನೆ! ಒಣಹುಲ್ಲಿನದೂ ಅಲ್ಲದ, ಬೆಲ್ಲದ ಪಾಕದ್ದೂ ಅಲ್ಲದ, ಎರಡರ ನಡುವೆ ಎಲ್ಲೋ ಇರುವ, ಕೊನೆಗೆ ಮೂಗಿನ ತುದಿಗೆ ಚುರ್ ಎನ್ನಿಸುವ ವಾಸನೆ. ಹದವಾಗಿ ಬೆಂದ ಹೊಗೆಸೊಪ್ಪಿನದು.

“ಸಾರಿ ಮೇಡಂ,” ಅಂದಳು ಹುಡುಗಿ, “ಮನೇಲಿ ಕಾಲಿಡೋಕೆ ಜಾಗ ಇಲ್ಲ, ಎಲ್ಲಾ ಕಡೆ ಸೊಪ್ಪು. ಪ್ರಿಂಟೌಟ್ ಅದರ ಪಕ್ಕದಲ್ಲೇ ಇಟ್ಟಿದ್ದೆ.”

ನಾನು ಹಾಳೆಗಳನ್ನು ಮೂಗಿಗೆ ಹಿಡಿದು ಇನ್ನೊಮ್ಮೆ ಎಳೆದುಕೊಂಡೆ. ಅವಳು ನನ್ನನ್ನೇ ನೋಡುತ್ತಿದ್ದಳು, ಮೇಡಂಗೆ ಏನಾಯಿತೋ ಎನ್ನುವಂತೆ. ಏನಾಯಿತು ಅಂತ ಅವಳಿಗೆ ಹೇಗೆ ಹೇಳಲಿ... ಇಂಗ್ಲಿಷು ತುಂಬಿದ ಹಾಳೆಗಳಿಂದ ಹೊಗೆಸೊಪ್ಪಿನ ವಾಸನೆ ಬಂದದ್ದು ನನ್ನ ಬದುಕಿನಲ್ಲಿ ಇದು ಎರಡನೆಯ ಸಲ. ಮೊದಲ ಸಲ ಬಂದಾಗ ನಮ್ಮ ಎದುರುಮನೆ ದೊಡ್ಡವ್ವ ಬದುಕಿದ್ದರು.

ದೊಡ್ಡವ್ವ ನನಗೆ ಸಂಬಂಧಿಕರೇನೂ ಅಲ್ಲ. ಕಂಪಲಾಪುರದ ಹತ್ತಿರದ ಈ ಊರಿಗೆ ನಾನು ಸೊಸೆಯಾಗಿ ಬಂದಾಗ ನನ್ನ ಗಂಡ ಅವರನ್ನು ದೊಡ್ಡವ್ವ ಅನ್ನುತ್ತಿದ್ದರು, ನಾನೂ ಅಂದೆ. ಊರೆಲ್ಲ ಹಾಗೇ ಕರೆಯುತ್ತಿತ್ತು. ಕುಳ್ಳನೆಯ ಹೆಂಗಸು. ಎಡಗಿವಿಯ ಓಲೆ ಯಾವಾಗಲೋ ಕಳೆದುಹೋಗಿ ಅಲ್ಲಿ ಒಂದು ಬೇವಿನಕಡ್ಡಿ ಸಿಕ್ಕಿಸಿಕೊಂಡಿದ್ದರು. ಅಂಗೈ ಮಾತ್ರ ಬೇರೆ ಯಾರದ್ದೋ ಎನ್ನುವ ಹಾಗೆ ಕಪ್ಪಗೆ, ಮೇಣ ಹಚ್ಚಿದಂತೆ ಅಂಟಂಟು. ಸೀಗೆಪುಡಿ, ಬೂದಿ, ಹುಣಸೆಹಣ್ಣು, ಯಾವುದರಿಂದ ಉಜ್ಜಿದರೂ ಆ ಕಪ್ಪು ಹೋಗುತ್ತಿರಲಿಲ್ಲ. ಸೊಪ್ಪಿನ ಕಾಲ ಮುಗಿದು ಎರಡು ತಿಂಗಳಾದ ಮೇಲೆ ತಾನಾಗಿ ಬಿಡುತ್ತಿತ್ತು. ಅಷ್ಟರಲ್ಲಿ ಹೊಸ ಸಸಿಮಡಿ ಹಾಕುವ ಕಾಲ ಬಂದಿರುತ್ತಿತ್ತು.

ನಮ್ಮ ಕಡೆ ಗೊತ್ತಿಲ್ಲದವರಿಗಾಗಿ ಒಂದು ಮಾತು ಹೇಳಬೇಕು. ಬ್ಯಾರನ್ನಿನಲ್ಲಿ, ಅಂದರೆ ಸೊಪ್ಪು ಬೇಯಿಸುವ ಗೂಡಿನಲ್ಲಿ, ಬೇಯಿಸಿ ಇಳಿಸಿದ ಸೊಪ್ಪನ್ನು ಹಾಗೇ ಹರಾಜಿಗೆ ಒಯ್ಯುವ ಹಾಗಿಲ್ಲ. ಗಿಡದ ಬುಡದ ಎಲೆ ಬೇರೆ, ನಡುವಿನದು ಬೇರೆ, ತುದಿಯದು ಬೇರೆ. ಅದರೊಳಗೆ ನಿಂಬೆ ಬಣ್ಣದ್ದು, ಕಿತ್ತಳೆ ಬಣ್ಣದ್ದು, ಕಂದು ತಿರುಗಿದ್ದು, ಹಸಿರು ಉಳಿದದ್ದು, ಚುಕ್ಕೆ ಬಿದ್ದದ್ದು. ಒಂದೊಂದೇ ಎಲೆಯನ್ನು ಕೈಯಲ್ಲಿ ಹಿಡಿದು ಇದು ಯಾವ ಗುಡ್ಡೆಗೆ ಅಂತ ತೀರ್ಮಾನಿಸಬೇಕು. ಇದಕ್ಕೆ ಗ್ರೇಡ್ ಮಾಡುವುದು ಅನ್ನುತ್ತಾರೆ. ಆಮೇಲೆ ಒಂದೇ ಗ್ರೇಡಿನದನ್ನು ಗೋಣಿತಾಟಿನಲ್ಲಿ ಕಟ್ಟಿದರೆ ಅದು ಬೇಲು. ದೊಡ್ಡವ್ವ ಒಂದು ಎಲೆಗೆ ತೆಗೆದುಕೊಳ್ಳುತ್ತಿದ್ದದ್ದು ಕಣ್ಣು ಮಿಟುಕಿಸುವಷ್ಟು ಹೊತ್ತು. ನೋಡುವುದಕ್ಕಿಂತ ಹೆಚ್ಚಾಗಿ ಹೆಬ್ಬೆರಳಿನಿಂದ ಸವರುತ್ತಿದ್ದರು. ಸುತ್ತಲಿನ ಮೂರು ಊರಿನವರು ಅವರನ್ನು ಕರೆಯಲು ಬಂದು ಜಗಲಿಯಲ್ಲಿ ಕಾಯುತ್ತಿದ್ದುದನ್ನು ನಾನೇ ನೋಡಿದ್ದೇನೆ.

ಆಗ ನನಗೆ ಮೂವತ್ತು ದಾಟಿತ್ತು. ಹುಣಸೂರಿನ ಕಾಲೇಜಿನಲ್ಲಿ ಸಮಾಜಶಾಸ್ತ್ರಕ್ಕೆ ಅತಿಥಿ ಉಪನ್ಯಾಸಕಿ. ಎಂ.ಫಿಲ್ ಮುಗಿಸದಿದ್ದರೆ ಮುಂದಿನ ವರ್ಷ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಅಂತ ಪ್ರಿನ್ಸಿಪಾಲರು ಹೇಳಿಯಾಗಿತ್ತು. ನಾನು ಆರಿಸಿಕೊಂಡ ವಿಷಯ ಹೊಗೆಸೊಪ್ಪು ಗ್ರೇಡ್ ಮಾಡುವ ಹೆಂಗಸರ ದುಡಿಮೆ. ಎದುರುಮನೆಯಲ್ಲೇ ಇದ್ದರಲ್ಲ! ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ರಸ್ತೆ ದಾಟಿದರೆ ಆಯಿತು. ಹನ್ನೊಂದು ಜನ ಹೆಂಗಸರನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿ ಬರೆದುಕೊಂಡೆ. “ಹೆಸರು ಹಾಕಬೇಡಿ, ನಂಬರ್ ಹಾಕಿ, ಅದೇ ಪದ್ಧತಿ,” ಅಂತ ಗೈಡ್ ಸರ್ ಹೇಳಿದ್ದರು. ಹಾಗಾಗಿ ನಂಬರು ಹಾಕಿದೆ. ದೊಡ್ಡವ್ವ ಏಳನೆಯವರು.

ಕನ್ನಡದಲ್ಲೂ ಬರೆಯಬಹುದಿತ್ತು. ನನಗೇ ಹುಚ್ಚು, ಇಂಗ್ಲಿಷಿನಲ್ಲೇ ಬರೆಯುತ್ತೇನೆಂದು ಹಟ. ಓದಿದ್ದೆಲ್ಲ ಕನ್ನಡ ಮಾಧ್ಯಮ. ಅದಕ್ಕೆ ಲೈಬ್ರರಿಯಲ್ಲಿ ಕೂತು ದೊಡ್ಡವರ ಲೇಖನಗಳಿಂದ ಪದ ಹೆಕ್ಕಿದೆ. ಮನೆಗೆ ಬಂದ ಲಗ್ನಪತ್ರಿಕೆಗಳ ಹಿಂಬದಿ ಖಾಲಿ ಇರುತ್ತದಲ್ಲ, ಅವನ್ನು ಕತ್ತರಿಸಿ ಚೀಟಿ ಮಾಡಿ, ಒಂದೊಂದರ ಮೇಲೆ ಒಂದೊಂದು ಪದ. ಸಜೆಸ್ಟ್, ಇಂಡಿಕೇಟ್, ಎಸ್ಟಾಬ್ಲಿಷ್, ಮೋರ್‌ಓವರ್, ಪ್ಯಾರಡೈಮ್, ಪ್ಲೆಥೋರಾ... ಮುನ್ನೂರರ ಮೇಲೆ ಇದ್ದವು. ಒಂದು ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಎ ಬಿ ಸಿ ಪ್ರಕಾರ ಜೋಡಿಸಿಟ್ಟಿದ್ದೆ. ಅಧ್ಯಾಯ ಬರೆಯುವಾಗ ಡಬ್ಬಿ ಪಕ್ಕದಲ್ಲಿಟ್ಟುಕೊಂಡು, ಒಗ್ಗರಣೆಗೆ ಕರಿಬೇವು ಉದುರಿಸಿದ ಹಾಗೆ ಉದುರಿಸಿದೆ. ನನಗೇ ಓದಿಕೊಂಡು ಎಷ್ಟು ಖುಷಿಯಾಗಿತ್ತೆಂದರೆ, ಗಂಡನಿಗೂ ಓದಿ ಹೇಳಿದೆ. “ಜೋರಾಗಿದೆ” ಅಂದರು. ಅರ್ಥವಾಯಿತಾ ಅಂದೆ. “ಅರ್ಥ ಆಗೋ ಹಾಗಿದ್ರೆ ಜೋರು ಅಂತ ಯಾಕಂತಿದ್ದೆ?” ಅಂದರು.

ಮೈಸೂರಿಗೆ ಹೋಗಿ ಗೈಡ್ ಸರ್ ಮುಂದಿಟ್ಟೆ. ಅವರು ಮೊದಲ ಪುಟ ನೋಡಲಿಲ್ಲ, ಕೊನೆಯ ಪುಟವನ್ನೂ ನೋಡಲಿಲ್ಲ. ಹೆಬ್ಬೆರಳಿನಿಂದ ನಡುವೆ ಎಲ್ಲೋ ತೆರೆದು ಒಂದು ವಾಕ್ಯದ ಮೇಲೆ ಬೆರಳಿಟ್ಟರು. “ಇದರ ಅರ್ಥ ಹೇಳಿ. ಕನ್ನಡದಲ್ಲೇ ಹೇಳಿ, ಪರವಾಗಿಲ್ಲ.” ನಾನೇ ಬರೆದ ವಾಕ್ಯ. ಬಾಯಿ ತೆರೆದೆ, ಏನೂ ಬರಲಿಲ್ಲ. ಇನ್ನೊಂದು ಕಡೆ ತೆರೆದರು, ಅಲ್ಲೂ ಹಾಗೇ. ಮುಚ್ಚಿ ನನ್ನ ಕಡೆ ತಳ್ಳಿದರು. ಡಿಸೆಂಬರ್ ಕೊನೆಗೆ ನೋಂದಣಿಯ ಅವಧಿ ಮುಗಿಯುತ್ತದೆ, ಅಷ್ಟರಲ್ಲಿ ತಿದ್ದಿ ತಂದರೆ ಸಹಿ, ಇಲ್ಲದಿದ್ದರೆ ಇಲ್ಲ ಅಂದರು. ಸಿಟ್ಟಿನಿಂದ ಹೇಳಿದ್ದರೆ ನನಗೆ ಅಳು ಬರುತ್ತಿತ್ತು. ಬೇಜಾರಿನಿಂದ ಹೇಳಿದರು, ಅದು ಇನ್ನೂ ಕಷ್ಟವಾಯಿತು. ಉಳಿದಿದ್ದದ್ದು ಐದೇ ವಾರ.

ಅದರ ಮಾರನೆಯ ದಿನವೋ ಅದರಾಚೆ ದಿನವೋ... ಮಗಳು ಡಬ್ಬಿಯ ಮುಚ್ಚಳ ತೆಗೆದು ಒಳಗೆ ಒಂದು ಚೊಂಬು ನೀರು ಹುಯ್ದಿದ್ದಳು. ಎರಡು ವರ್ಷದ ಮಗು, ಗಿಡಕ್ಕೆ ಹುಯ್ಯುವುದನ್ನು ನೋಡಿತ್ತು, ಹುಯ್ದಿತು. ನಾನು ಬಾಯಿಗೆ ಬಂದದ್ದು ಬೈಯುತ್ತಾ ಒದ್ದೆ ಚೀಟಿಗಳನ್ನೆಲ್ಲ ಜಗಲಿಯ ಮೇಲೆ ಬಿಸಿಲಿಗೆ ಹರಡಿದೆ. ಗಾಳಿಗೆ ಹಾರದಿರಲಿ ಅಂತ ಮೇಲೆ ಹುರುಳಿಕಾಳು ಚೆಲ್ಲಿದೆ. ಆಗ ಎದುರಿನಿಂದ ದೊಡ್ಡವ್ವ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತರು.

“ಏನ್ ಮಗಾ ಇದು, ನೀನೂ ಸೊಪ್ಪು ಅರವ್ಕೊಂಡು ಕೂತಿದ್ದೀಯಾ?”

ಪದಗಳು ದೊಡ್ಡವ್ವ, ಇಂಗ್ಲಿಷ್ ಪದಗಳು ಅಂದೆ. ಹೇಗೆ ಜೋಡಿಸಿದ್ದೆ ಅಂತ ಕೇಳಿದರು. ಮೊದಲ ಅಕ್ಷರದ ಪ್ರಕಾರ ಅಂದೆ. ದೊಡ್ಡವ್ವ ಬೇವಿನಕಡ್ಡಿ ಅಲ್ಲಾಡುವಂತೆ ನಕ್ಕರು.

“ಅಯ್ಯೋ ನಿನ್ ಗ್ಯಾನಕ್ಕೆ! ಯಾರ್ ಒಲದಲ್ಲಿ ಕಿತ್ತುದ್ದು ಅಂತ ನೋಡಿ ಸೊಪ್ಪು ಬೇರೆ ಮಾಡ್ದಂಗಾಯ್ತು. ಎಲೆ ಎಂಗದೆ ಅಂತ ನೋಡೋದು ಬ್ಯಾಡ್ವಾ?”

ಅವರಿಗೆ ಸಹಿ ಮಾಡಲು ಬರುತ್ತಿತ್ತು, ಅಷ್ಟೇ. ಆದರೂ ಕುಕ್ಕರುಗಾಲಿನಲ್ಲಿ ಕೂತು ಒಂದು ಚೀಟಿ ಎತ್ತಿದರು. ಹೆಬ್ಬೆರಳಿನಿಂದ ಸವರಿದರು, ಅಭ್ಯಾಸಬಲ. “ಇದೇನ್ ಮಾಡ್ತದೆ, ಯೋಳು.” ಸಜೆಸ್ಟ್ ಅಂತ ಇತ್ತು. ಸೂಚಿಸುತ್ತದೆ ಅಂದೆ. “ಅಂಗಂದ್ರೆ?” ಹೇಗೆ ಹೇಳುವುದು ಅಂತ ತಡಕಾಡಿ, “ಹೀಗಿರಬೌದು ಅನ್ಸುತ್ತೆ ಅನ್ನೋದು” ಅಂದೆ. ಅದನ್ನು ಎಡಕ್ಕಿಟ್ಟರು. ಇನ್ನೊಂದು ಎತ್ತಿದರು, ಪ್ರೂವ್. “ಆಣೆ ಮಾಡಿ ಹೇಳಿದಂಗೆ ದೊಡ್ಡವ್ವ, ಇನ್ನು ಮಾತಿಲ್ಲ ಅನ್ನೋ ಥರ.” ಅದು ದೂರ ಬಲಕ್ಕೆ ಹೋಯಿತು. ಇಂಡಿಕೇಟ್ ಅಂದರೆ ಬೆರಳು ಮಾಡಿ ತೋರಿಸುವುದು, ಅದು ಸಜೆಸ್ಟಿನ ಪಕ್ಕ. ಎಸ್ಟಾಬ್ಲಿಷ್ ಅಂದರೆ ಕಲ್ಲು ನೆಟ್ಟ ಹಾಗೆ, ಅದು ಪ್ರೂವಿನ ಹತ್ತಿರ. ಜಗಲಿಯ ಮೇಲೆ ಎಡದಿಂದ ಬಲಕ್ಕೆ ಒಂದು ಸಾಲು ಬೆಳೆಯತೊಡಗಿತು, ಹಗುರದಿಂದ ಗಟ್ಟಿಗೆ, ಬುಡದ ಎಲೆಯಿಂದ ತುದಿಯ ಎಲೆಗೆ!

ನನಗೆ ಮೈ ಜುಂ ಅಂದಿತು. ಎರಡು ವರ್ಷದಿಂದ ಇವೆಲ್ಲ ಒಂದೇ ಅರ್ಥದ ಪದಗಳು, ಯಾವುದನ್ನು ಎಲ್ಲಿ ಹಾಕಿದರೂ ನಡೆಯುತ್ತದೆ, ಬದಲಾಯಿಸಿ ಬದಲಾಯಿಸಿ ಹಾಕಿದರೆ ಚೆಂದ ಅಂದುಕೊಂಡಿದ್ದೆ. ಒಳಗೆ ಒಲೆಯ ಮೇಲಿದ್ದ ಸಾರು ಉಕ್ಕಿ ಒಲೆ ಆರಿದ ವಾಸನೆ ಬಂತು. ಅತ್ತೆ ಕೂಗಿದರು. ನಾನು ಏಳಲಿಲ್ಲ.

“ಅದ್ಸರಿ, ನೀನು ಇದ್ರಲ್ಲಿ ಯಾವ್ದು ಆಕಿದ್ದೀಯ?” ಅಂತ ಕೇಳಿದರು. ಬಲಗಡೆಯದ್ದು, ಪ್ರೂವ್ ಅಂದೆ. ಎಷ್ಟು ಜನರನ್ನು ಕೇಳಿದೆ ಅಂದರು. ಹನ್ನೊಂದು ಅಂದೆ.

“ಅನ್ನೊಂದ್ ಜನ್ವ ಕೇಳ್ಬುಟ್ಟು ಆಣೆ ಮಾಡ್ಬುಟ್ಯಾ? ಅದ್ರಲ್ಲಿ ನಾಲ್ಕ್ ಜನ ನಮ್ ಮನೆಯೋರೇ ಕಣವ್ವ!”

ಆ ದಿನದಿಂದ ನನಗೆ ಹುಚ್ಚು ಹಿಡಿದ ಹಾಗಾಯಿತು. ಬೆಳಿಗ್ಗೆ ಎದ್ದು ರೊಟ್ಟಿ ತಟ್ಟಿ, ಮಗುವಿಗೆ ಎಣ್ಣೆ ಹಚ್ಚಿ, ಬಸ್ಸಿಗೆ ಇನ್ನೂ ಒಂದೂವರೆ ಗಂಟೆ ಇದೆ ಅನ್ನುವಾಗ ಡಬ್ಬಿ ಕಂಕುಳಲ್ಲಿಟ್ಟುಕೊಂಡು ರಸ್ತೆ ದಾಟುತ್ತಿದ್ದೆ. ದೊಡ್ಡವ್ವನ ಮನೆಯ ಹಿಂದೆ ಬಡಗಣ ಕಿಟಕಿಯ ಕೋಣೆ. ಗ್ರೇಡ್ ಮಾಡಲು ಹಗಲು ಬೆಳಕೇ ಬೇಕು, ದೀಪದ ಕೆಳಗೆ ಕಿತ್ತಳೆಯೂ ನಿಂಬೆಯಂತೆ ಕಾಣುತ್ತದೆ. ಬೆಳಗಿನ ಹೊತ್ತು ಸೊಪ್ಪು ಮಂಜು ಹೀರಿಕೊಂಡು ಮೆತ್ತಗಿರುತ್ತದೆ, ಬಿಸಿಲೇರಿದರೆ ಮುಟ್ಟಿದಲ್ಲಿ ಪುಡಿ. ದೊಡ್ಡವ್ವ ಮತ್ತು ಅವರ ನಾದಿನಿ ಸೊಪ್ಪಿನ ನಡುವೆ ಕೂತಿರುತ್ತಿದ್ದರು, ನಾನು ಚೀಟಿಗಳ ನಡುವೆ. ಅವರ ಕೈ ನಿಲ್ಲುತ್ತಿರಲಿಲ್ಲ. ನಾನು ಒಂದೊಂದೇ ಪದ ಓದಿ, ಅದು ಮಾಡುವ ಕೆಲಸ ಏನು ಅಂತ ನಮ್ಮೂರ ಮಾತಿನಲ್ಲಿ ಹೇಳಬೇಕು, ಅವರು ಯಾವ ಗುಡ್ಡೆ ಅನ್ನಬೇಕು.

ನಾದಿನಿಗೆ ನನ್ನನ್ನು ಕಂಡರೆ ಚೇಷ್ಟೆ. “ಬಾರಮ್ಮಿ ಟೀಚರಮ್ಮ, ನಿನ್ ಸೊಪ್ಪೇ ವಾಸಿ ಕಣೆ, ಸೀನೂ ಬರಾಕಿಲ್ಲ, ಕೆಮ್ಮೂ ಬರಾಕಿಲ್ಲ” ಅನ್ನುತ್ತಿದ್ದರು.

ಮೋರ್‌ಓವರ್, ಫರ್ದರ್‌ಮೋರ್, ಹೌಎವರ್, ದೇರ್‌ಫೋರ್ ಬಂದಾಗ, “ಅದಲ್ದೆ, ಇನ್ನೂವೆ, ಆದ್ರೂವೆ, ಅದ್ಕೇಯ” ಅಂತ ಹೇಳಿದೆ. ದೊಡ್ಡವ್ವ ಅವನ್ನು ಗುಡ್ಡೆಗೇ ಹಾಕಲಿಲ್ಲ. ಇವು ಎಲೆ ಅಲ್ಲ, ಕಟ್ಟುವ ದಾರ ಅಂದರು. ಆಮೇಲೆ ನನ್ನ ಅಧ್ಯಾಯದ ಒಂದು ಪುಟದಲ್ಲಿ ಇಂಥವು ಎಷ್ಟಿವೆ ಅಂತ ಎಣಿಸಲು ಹೇಳಿದರು. ಎಣಿಸಿದೆ, ಹದಿನಾಲ್ಕು. “ಸೊಪ್ಪಿಗಿಂತ ದಾರವೇ ಜಾಸ್ತಿ ಆಯ್ತಲ್ಲವ್ವ,” ಅಂದರು. ಪ್ಲೆಥೋರಾ ಬಂದಾಗ ಬಹಳ ಅಂತ ಅರ್ಥ ಅಂದೆ. ಹಾಗಾದರೆ ಬಹಳ ಅನ್ನುವುದಕ್ಕೆ ಅವರಲ್ಲಿ ಬೇರೆ ಸಣ್ಣ ಮಾತೇ ಇಲ್ಲವಾ ಅಂತ ಕೇಳಿದರು. ಇದೆ ಅಂದೆ. ಮತ್ತೆ ಇದು ಯಾಕೆ ಅಂದರು. ತೂಕ ಬರಲಿ ಅಂತ ಅಂದುಬಿಟ್ಟೆ. ಇಬ್ಬರೂ ಒಟ್ಟಿಗೆ ತಲೆಯೆತ್ತಿ ನನ್ನನ್ನು ನೋಡಿದರು. ತೂಕ ಬರಲಿ ಅಂತ ಸೊಪ್ಪಿಗೆ ನೀರು ಚಿಮುಕಿಸುವವರೂ ಇದ್ದರು ನಮ್ಮ ಸೀಮೆಯಲ್ಲಿ. ನಾಲ್ಕೇ ದಿನಕ್ಕೆ ಒಳಗೆ ಬೂಷ್ಟು ಹಿಡಿಯುತ್ತದೆ.

ಕೆಲವು ಪದಗಳಿಗೆ ಎಷ್ಟು ತಿಣುಕಿದರೂ ನನ್ನ ಬಾಯಿಂದ ನಮ್ಮೂರ ಮಾತು ಬರುತ್ತಿರಲಿಲ್ಲ. ಅವು ಮೂಲೆಯಲ್ಲಿ ಬೇರೆ ಗುಡ್ಡೆಯಾದವು. ನನಗೇ ಗೊತ್ತಿಲ್ಲದೆ ನಾನು ಬಳಸಿದ್ದವು. ಮೊದಲ ವಾರ ಆ ಗುಡ್ಡೆಯೇ ಎಲ್ಲಕ್ಕಿಂತ ದೊಡ್ಡದು!

ಗೈಡ್ ಸರ್ ನಡುವೆ ತೆರೆದು ನೋಡಿದ ಕತೆ ಹೇಳಿದಾಗ ದೊಡ್ಡವ್ವನಿಗೆ ಆಶ್ಚರ್ಯವೇ ಆಗಲಿಲ್ಲ. ಹರಾಜಿನಲ್ಲೂ ಹಾಗೇ. ಕೆಲವರು ಬೇಲಿನ ಮೇಲೂ ಕೆಳಗೂ ಒಳ್ಳೆಯ ಎಲೆ ಇಟ್ಟು ನಡುವೆ ಹಸಿರು, ಚೂರು ತುರುಕಿರುತ್ತಾರೆ. ಕೊಳ್ಳುವವನು ಮೇಲಿನ ಎಲೆ ನೋಡುವುದೇ ಇಲ್ಲ. “ಸೀದಾ ನಡುವುಕ್ಕೇ ಕೈ ಆಕೋದು ಅವ್ನು. ನಿಮ್ ಮೇಷ್ಟ್ರು ಒಳ್ಳೆ ಗಿರಾಕಿ ಕಣ್ ಮಗಾ, ಅವ್ರಿಗೆ ಮೋಸ ಮಾಡಾಕಾಗಲ್ಲ.” ಅದುವರೆಗೆ ಸರ್ ಮೇಲೆ ನನಗಿದ್ದ ಮುನಿಸು ಅಲ್ಲೇ ಕರಗಿಹೋಯಿತು. ನನ್ನ ಅಧ್ಯಾಯ ತೆಗೆದು ನೋಡಿದರೆ ಮೊದಲ ಎರಡು ಪುಟ, ಕೊನೆಯ ಎರಡು ಪುಟ ಮಿರಿಮಿರಿ ಮಿಂಚುತ್ತಿದ್ದವು. ನಡುವೆ ಬರೀ ಪುಡಿ.

ಮೂರನೆಯ ವಾರ ಇರಬೇಕು. ಚೀಟಿಗಳು ಮುಗಿಯುತ್ತಾ ಬಂದಿದ್ದವು. ನಾನು ಉತ್ಸಾಹದಲ್ಲಿ ಪಟಪಟ ಓದುತ್ತಿದ್ದೆ. ಒಂದು ಚೀಟಿ ಬಂತು. ಅನ್‌ಸ್ಕಿಲ್ಡ್.

“ಇದೇನ್ ಮಾಡ್ತದೆ?” ಅಂದರು ದೊಡ್ಡವ್ವ, ಕೈಯಲ್ಲಿ ಎಲೆ.

ಕಸುಬು ಗೊತ್ತಿಲ್ಲದವರು ಮಾಡುವ ಕೆಲಸಕ್ಕೆ ಹಾಗನ್ನುತ್ತಾರೆ ಅಂದೆ. ಯಾರು ಬೇಕಾದರೂ ಮಾಡಬಹುದಾದ ಕೆಲಸ.

“ಅದ್ನ ಯಾರ್ಗೆ ಆಕಿದ್ದೀಯ?”

ಆಗ ನಾಲಿಗೆ ಕಚ್ಚಿಕೊಂಡೆ. ಓದಿದ ಪುಸ್ತಕಗಳಲ್ಲೆಲ್ಲ ಗ್ರೇಡ್ ಮಾಡುವ ಹೆಂಗಸರ ಕೆಲಸವನ್ನು ಆ ಪದದಿಂದಲೇ ಕರೆದಿದ್ದರು. ನಾನೂ ಕರೆದಿದ್ದೆ. ಒಂದು ಸಲ ಅಲ್ಲ, ಪುಟಪುಟಕ್ಕೂ. ಅದರ ಮೇಲೇ ನನ್ನ ಅಧ್ಯಾಯ ನಿಂತಿತ್ತು. ಸುಳ್ಳು ಹೇಳಬಹುದಿತ್ತು. “ನಿಮಗೇ ದೊಡ್ಡವ್ವ” ಅಂದೆ.

ನಾದಿನಿಯ ಕೈ ನಿಂತಿತು. ದೊಡ್ಡವ್ವ ಬೇರೆ ಬೇರೆ ಗುಡ್ಡೆಗಳಿಂದ ಐದು ಎಲೆ ತೆಗೆದು ನನ್ನ ಮಡಿಲಿಗೆ ಹಾಕಿದರು. ಯಾವುದು ಯಾವ ಗುಡ್ಡೆಯದು, ವಾಪಸು ಇಡು ಅಂದರು. ಮೂರು ವಾರದಿಂದ ಅದೇ ಕೋಣೆಯಲ್ಲಿ ಕೂತವಳು ನಾನು, ಅದಕ್ಕೂ ಮೊದಲು ಒಂದು ವರ್ಷ ಪ್ರಶ್ನೆ ಕೇಳಿ ಬರೆದವಳು. ಕಿಟಕಿಗೆ ಹಿಡಿದು ನೋಡಿದೆ, ಸವರಿದೆ, ಮೂಸಿದೆ. ಐದನ್ನೂ ಇಟ್ಟೆ. ಒಂದೂ ಸರಿಯಿರಲಿಲ್ಲ. ದೊಡ್ಡವ್ವ ಐದನ್ನೂ ಎತ್ತಿ ಸರಿಯಾದ ಜಾಗಕ್ಕಿಟ್ಟರು. ಆ ಚೀಟಿಯನ್ನು ನನ್ನ ಕಡೆ ತಳ್ಳಿದರು.

“ಇದ್ಕೆ ನನ್ ತಾವು ಗುಡ್ಡೆ ಇಲ್ಲ ಕಣವ್ವ. ನೀನೇ ಎಲ್ಲಾರ ಮಡಿಕೊ.”

ಬಸ್ಸಿನಲ್ಲಿ ಹುಣಸೂರಿಗೆ ಹೋಗುವಾಗ ಕಿಟಕಿಯಿಂದಾಚೆ ಏನೂ ಕಾಣಲಿಲ್ಲ. ನಾಚಿಕೆ ಅಂತೂ ಇತ್ತೇ ಇತ್ತು. ಆದರೆ ನಾಚಿಕೆಯ ಕೆಳಗೆ ಇನ್ನೊಂದು ಏನೋ ಕುದಿಯುತ್ತಿತ್ತು, ಕುಕ್ಕರಿನ ವಿಷಲು ಕೂಗುವ ಮುಂಚೆ ಗುಸುಗುಸು ಅನ್ನುತ್ತದಲ್ಲ, ಹಾಗೆ. ಅರಸು ಕಲ್ಲಹಳ್ಳಿಯ ಹತ್ತಿರವೋ ಎಲ್ಲೋ ಬಂದಾಗ ಅದು ಕೂಗಿಯೇಬಿಟ್ಟಿತು. ಪುಸ್ತಕದವರು ಹಾಕಿದ ಆ ಪದವೇ ತಪ್ಪು ಗುಡ್ಡೆಯಲ್ಲಿದೆ! ಹಾಗೇ ಬರೆಯಬೇಕು. ಈ ಕೆಲಸಕ್ಕೆ ಆ ಪದ ಯಾಕೆ ಕೂರುವುದಿಲ್ಲ, ಅದನ್ನೇ ಅಧ್ಯಾಯ ಮಾಡಬೇಕು. ಪಕ್ಕದಲ್ಲಿ ಕೂತಿದ್ದ ಹೆಂಗಸಿನ ಹತ್ತಿರ ಪೆನ್ನು ಕೇಳಿದೆ. ಆಕೆಯ ಹತ್ತಿರ ಇರಲಿಲ್ಲ. ಕಂಡಕ್ಟರ್ ಹತ್ತಿರ ಕೇಳಿದೆ. ಟಿಕೆಟಿನ ಹಿಂದೆ ಬರೆದುಕೊಂಡೆ.

ಹತ್ತು ದಿನ ಬರೆದೆ. ಕಾಲೇಜಿನ ಬಿಡುವಿನಲ್ಲಿ, ಮಗು ಮಲಗಿದ ಮಧ್ಯಾಹ್ನಗಳಲ್ಲಿ, ಒಮ್ಮೆ ಬೀಗರ ಮನೆಯ ನಾಮಕರಣದಲ್ಲಿ ಬಾಳೆಲೆಯ ಸಾಲು ಕಾಯುತ್ತಾ ಕೂತಾಗ. ಪ್ರತಿ ವಾಕ್ಯವನ್ನೂ ಮೊದಲು ದೊಡ್ಡವ್ವನ ಮಾತಿನಲ್ಲಿ ಹೇಳಿಕೊಂಡು, ಆಮೇಲೆ ಸಾಲಿನಿಂದ ಬೇಕಾದ ಪದ ಎತ್ತಿ ಇಟ್ಟೆ. ಹನ್ನೊಂದು ಜನರ ಮಾತಿಗೆ ಎಡಗಡೆಯ ಹಗುರದ ಪದಗಳು. ನಾನೇ ಮಡಿಲಲ್ಲಿಟ್ಟುಕೊಂಡು ಸೋತ ಐದು ಎಲೆಗಳ ವಿಷಯಕ್ಕೆ ಬಂದಾಗ ಮಾತ್ರ ಸ್ವಲ್ಪ ಬಲಕ್ಕೆ ಹೋದೆ. ಮೂವತ್ತೆಂಟು ಪುಟ ಇದ್ದದ್ದು ಇಪ್ಪತ್ತೊಂದಕ್ಕೆ ಇಳಿಯಿತು. ಬರೆದ ಹಾಳೆಗಳನ್ನು ಮಗುವಿನ ಕೈಗೆ ಸಿಗದಿರಲಿ ಅಂತ ದೊಡ್ಡವ್ವನ ಕೋಣೆಯ ಅಟ್ಟದಲ್ಲೇ ಇಡುತ್ತಿದ್ದೆ.

ಡಿಸೆಂಬರಿನ ಕೊನೆಯ ವಾರ ಮೈಸೂರಿಗೆ ಹೊರಟಾಗ ದೊಡ್ಡವ್ವ ಬಾಗಿಲಿಗೆ ಬಂದರು. “ಎದೆ ಡವಡವ ಅಂತದಾ?” ಅಂದರು. ಹೌದು ಅಂದೆ. “ನಡುವುಕ್ಕೆ ಕೈ ಆಕ್ಲಿ ಬುಡು. ಎಲ್ಲಿ ಆಕಿದ್ರೂ ಒಂದೇ ಎಲೆ ಸಿಗ್ತದೆ.”

ಗೈಡ್ ಸರ್ ಹಾಳೆಗಳನ್ನು ತೆಗೆದುಕೊಂಡವರು ಒಂದು ಗಳಿಗೆ ಮೂಗು ಅರಳಿಸಿದರು. ಏನಿದು ವಾಸನೆ ಅಂದರು. ಹೇಳಿದೆ. ನಡುವೆ ತೆರೆದು ಬೆರಳಿಟ್ಟರು. “ಕನ್ನಡದಲ್ಲಿ ಹೇಳಿ.” ಹೇಳಿದೆ. ಇನ್ನೊಂದು. ಹೇಳಿದೆ. ಮೂರನೆಯದಕ್ಕೆ ಬೆರಳಿಡುವ ಮೊದಲೇ ನಾನು ಶುರು ಮಾಡಿಬಿಟ್ಟಿದ್ದೆ. ಐದು ಎಲೆಗಳ ಕತೆಯನ್ನೂ ಹೇಳುತ್ತಿದ್ದೆ, ಕೈ ಬಾಯಿ ಎರಡೂ ಆಡುತ್ತಿದ್ದವು, ದನಿ ಏರಿ ಪಕ್ಕದ ಕೋಣೆಯವರು ಇಣುಕಿ ಹೋದರು. ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಇದನ್ನ ಯಾರ ಹತ್ತಿರ ಕಲಿತಿರಿ?” ಅಂದರು. ರೆಸ್ಪಾಂಡೆಂಟ್ ಏಳು ಸರ್ ಅಂದೆ. ನಕ್ಕರು. ಸಹಿ ಹಾಕಿದರು.

ಬಸ್ಸಿಳಿದು ಓಡುತ್ತಾ ಹೋದೆ, ನಿಜವಾಗಿ ಓಡುತ್ತಾ, ಊರ ಬೀದಿಯಲ್ಲಿ, ಸೀರೆ ಎತ್ತಿ ಹಿಡಿದು. ದೊಡ್ಡವ್ವ ಕೋಣೆಯಲ್ಲೇ ಇದ್ದರು. ಸಹಿ ತೋರಿಸಿದೆ. ಕಪ್ಪು ಹೆಬ್ಬೆರಳಿನಿಂದ ಅದನ್ನು ಸವರಿ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು, “ಇದ್ರಲ್ಲಿ ನಾನು ಎಲ್ಲವ್ನಿ?”

ತೋರಿಸಿದೆ. ರೆಸ್ಪಾಂಡೆಂಟ್ ಸೆವೆನ್. ಹಾಗಂದರೆ ಕೇಳಿದ್ದಕ್ಕೆ ಉತ್ತರ ಕೊಟ್ಟವರು, ಏಳನೆಯವರು ಅಂದೆ. ಹೆಸರು ಹಾಕುವ ಪದ್ಧತಿ ಇಲ್ಲ ಅಂತಲೂ ಹೇಳಿದೆ. ಬೇಜಾರಾಗುತ್ತಾರೇನೋ ಅಂದುಕೊಂಡೆ. “ಬೇಲ್ಗೂ ನಂಬರೇ ಕಣವ್ವ ಆಕೋದು,” ಅಂದರು ದೊಡ್ಡವ್ವ, “ಕಟ್ಟಿದೋಳ್ ಎಸ್ರು ಯಾರ್ ಬರೀತಾರೆ ಬುಡು.” ಹೇಳಿ ಇನ್ನೊಂದು ಎಲೆ ಎತ್ತಿಕೊಂಡರು.

ಥೀಸಿಸ್ಸನ್ನು ಪುಸ್ತಕವಾಗಿ ಕಟ್ಟಿಸುವಾಗ ಮೊದಲಲ್ಲಿ ಕೃತಜ್ಞತೆಯ ಒಂದು ಪುಟ ಬರೆದೆ. ಗೈಡ್ ಸರ್‌ಗೆ, ಲೈಬ್ರರಿಯವರಿಗೆ, ಗಂಡನಿಗೆ, ಅತ್ತೆಗೆ, ಟೈಪ್ ಮಾಡಿಕೊಟ್ಟವರಿಗೆ. ಆ ಪುಟದಲ್ಲಿ ಹೆಸರು ಹಾಕಬಾರದು ಅನ್ನುವ ಪದ್ಧತಿ ಎಲ್ಲೂ ಇರಲಿಲ್ಲ. ಎದುರುಮನೆ ದೊಡ್ಡವ್ವನಿಗೆ ಅಂತ ಬರೆಯಲು ಹೋದೆ... ಅದೇನು ಥೀಸಿಸ್ಸಿನಲ್ಲಿ ದೊಡ್ಡವ್ವ ಅಂತ, ಹೆಸರು ಬೇಕಲ್ಲ ಅನ್ನಿಸಿತು. ಹೆಸರು ನನಗೆ ಗೊತ್ತಿರಲಿಲ್ಲ. ವಯಸ್ಸು ಬರೆದುಕೊಂಡಿದ್ದೆ, ಎಷ್ಟು ಗಂಟೆ ದುಡಿಯುತ್ತಾರೆ, ಎಷ್ಟು ಸಲ ಕೆಮ್ಮು ಬರುತ್ತದೆ, ಎಲ್ಲ ಬರೆದುಕೊಂಡಿದ್ದೆ. ಆಮೇಲೆ ಕೇಳೋಣ ಅಂದುಕೊಂಡೆ. ರಸ್ತೆ ದಾಟಿದರೆ ಆಗುತ್ತಿತ್ತು. ಟೈಪಿನವರು ಅವಸರ ಮಾಡಿದರು, ಆ ಸಾಲನ್ನೇ ಬಿಟ್ಟೆ.

ಕೆಲಸ ಉಳಿಯಿತು. ಮುಂದೆ ಪಿಎಚ್‌ಡಿಯೂ ಆಯಿತು, ಕಾಯಂ ಆಯಿತು. ದೊಡ್ಡವ್ವನಿಗೆ ಕಣ್ಣಿನ ಪೊರೆ ಬಂದು ಗ್ರೇಡ್ ಮಾಡುವುದು ನಿಂತಿತು. ಆದರೂ ಯಾರಾದರೂ ಎಲೆ ತಂದು ಕೈಗಿಟ್ಟರೆ ಸವರಿಯೇ ಹೇಳುತ್ತಿದ್ದರು. ಒಂದು ಬೇಸಿಗೆಯಲ್ಲಿ ಹೋದರು, ಎರಡು ದಿನದ ಜ್ವರದಲ್ಲಿ. ಅವರ ನಾದಿನಿಯ ಮಗ ತಿಥಿ ಕಾರ್ಡು ತಂದುಕೊಟ್ಟ. ಫೋಟೋ ಕೆಳಗೆ ದಪ್ಪ ಅಕ್ಷರದಲ್ಲಿ ಯಾರದೋ ಹೆಸರು. ಇದ್ಯಾರು ಅಂತ ಅರೆಗಳಿಗೆ ನೋಡಿದೆ. ಎಷ್ಟು ಚೆಂದದ ಹೆಸರು... ಹೊಳೆಯ ಹೆಸರು.

ನಮ್ಮಲ್ಲಿ ತಿಥಿ ಕಾರ್ಡನ್ನು ಮನೆಯೊಳಗೆ ಇಟ್ಟುಕೊಳ್ಳುವುದಿಲ್ಲ. ಅತ್ತೆ ಹರಿದುಹಾಕು ಅಂದರು. ಹೂಂ ಅಂದೆ. ಅದು ಇನ್ನೂ ಬಿಸ್ಕತ್ತಿನ ಡಬ್ಬಿಯಲ್ಲಿದೆ, ಸೆಣಬಿನ ದಾರದಲ್ಲಿ ಗ್ರೇಡ್ ಪ್ರಕಾರ ಕಟ್ಟಿದ ಆ ಲಗ್ನಪತ್ರಿಕೆಯ ಚೀಟಿಗಳ ಜೊತೆ. ಆ ಕಾರ್ಡೊಂದನ್ನು ನಾನು ಕತ್ತರಿಸಲಿಲ್ಲ. ಬಡಗಣ ಕಿಟಕಿಯ ಕೋಣೆಯನ್ನು ಈಗ ಕೇರಳದವರಿಗೆ ಶುಂಠಿ ಬಿತ್ತನೆ ತುಂಬಲು ಕೊಟ್ಟಿದ್ದಾರೆ.

ಮೊನ್ನೆ ಇದೆಲ್ಲ ಅರೆಗಳಿಗೆಯಲ್ಲಿ ಹಾದುಹೋಯಿತು. ಹುಡುಗಿ ಇನ್ನೂ ನೋಡುತ್ತಲೇ ಇದ್ದಳು. ಅಧ್ಯಾಯದ ನಡುವೆ ಹೆಬ್ಬೆರಳು ಹಾಕಿ ತೆರೆದೆ. ಈಗಿನವರಿಗೆ ಚೀಟಿ ಬೇಡ, ಕಂಪ್ಯೂಟರೇ ಪದ ಕೊಡುತ್ತದೆ. ಒಂದು ವಾಕ್ಯದ ಮೇಲೆ ಬೆರಳಿಟ್ಟು, “ಕನ್ನಡದಲ್ಲಿ ಹೇಳು” ಅಂದೆ. ಬಾಯಿ ತೆರೆದಳು, ಮುಚ್ಚಿದಳು. ನನಗೆ ನಗು ಬಂತು, ಅವಳಿಗೆ ಅಳು. ಇರು, ಎಲ್ಲಕ್ಕೂ ದಾರಿ ಇದೆ ಅಂದೆ. ಅವರೆಕಾಳಿನ ಮೊರ ಪಕ್ಕಕ್ಕೆ ಸರಿಸಿ ಡಬ್ಬಿ ತಂದು, ಸಜೆಸ್ಟಿನಿಂದ ಪ್ರೂವಿನವರೆಗೆ ಜಗಲಿಯ ಮೇಲೆ ಸಾಲು ಹಾಸಿದೆ. ಮಧ್ಯಾಹ್ನದವರೆಗೂ ಕೂತೆವು. ಹಿಸುಕಿದ ಕಾಳು ಅರ್ಧಕ್ಕೇ ನಿಂತಿತ್ತು, ಅಂದು ಬರೀ ತಿಳಿಸಾರು.

ಅವಳದೂ ಗ್ರೇಡ್ ಮಾಡುವವರ ಮೇಲಿನ ಅಧ್ಯಾಯವೇ. ರೆಸ್ಪಾಂಡೆಂಟ್ ನಾಲ್ಕು ಅನ್ನುವವರ ಮಾತು ಎಲ್ಲರಿಗಿಂತ ಚೆನ್ನಾಗಿತ್ತು. ಯಾರಿದು ಅಂದೆ. “ನಮ್ ಪಕ್ಕದ ಮನೆ ಅಜ್ಜಿ ಮೇಡಂ, ಅವರ ಕೈ ನೋಡ್ಬೇಕು ನೀವು!” ಅವರ ಹೆಸರೇನು ಅಂದೆ.

“ಅಜ್ಜಿ ಅಂತಲೇ... ಎಲ್ರೂ ಅಜ್ಜಿ ಅಂತಾರೆ ಮೇಡಂ.”

ಅವಳಿಗೆ ಅನ್ನ ಬಡಿಸಿ, ಮೂರು ಗಂಟೆಯ ಬಸ್ಸು ಹತ್ತಿಸಿದೆ. ಅಧ್ಯಾಯದಲ್ಲಿ ನಂಬರೇ ಇರಲಿ, ಕೃತಜ್ಞತೆಯ ಪುಟಕ್ಕೆ ಹೆಸರು ಬೇಕು, ಇವತ್ತೇ ಕೇಳು, ಇಳಿದ ಮೇಲೆ ನಿನ್ನ ಮನೆಗೆ ಹೋಗುವ ಮುಂಚೆ ಅವರ ಮನೆಗೆ ಹೋಗು ಅಂದೆ. ಇಷ್ಟೊಂದು ಅವಸರ ಯಾಕೆ ಅಂತ ಅವಳಿಗೆ ಗೊತ್ತಾಗಲಿಲ್ಲ.

ಐದೂವರೆಗೆ ಫೋನು ಬಂತು. ಹಿಂದೆ ಎಲೆ ಸರಿಯುವ ಸದ್ದು, ಯಾರೋ ಕೆಮ್ಮುತ್ತಿದ್ದರು. “ಮೇಡಂ, ಕೇಳ್ದೆ!” ಅಂದಳು ಹುಡುಗಿ. ಅವಳು ಹೆಸರು ಹೇಳುವ ಮೊದಲೇ ಆ ಕಡೆಯಿಂದ ಮುದಿ ದನಿಯೊಂದು ದೊಡ್ಡದಾಗಿ ಕೇಳಿತು, “ನನ್ ಎಸ್ರು ಯಾಕಂತವ್ವ ಅವ್ರಿಗೆ?”

ನಾನು ಜಗಲಿಯ ಮೇಲೆ ನಿಂತಿದ್ದೆ. ಎದುರುಮನೆಯ ಬಾಗಿಲಿಗೆ ಬೀಗ ಇತ್ತು. “ಬರೆಯೋದಕ್ಕೆ ಅಂತ ಹೇಳು,” ಅಂದೆ.